‘ಮದುವೆ ಮಾಡಿದ್ರೆ ಸರಿಹೋಗ್ತಾನೆ’ ಅನ್ನೋರಿಗೆ

ಗಂಡಸನ್ನು ಪ್ರೀತಿಸುವ ಗಂಡಸಿನ ಮಾತು, ಹೆಂಗಸನ್ನು ಪ್ರೀತಿಸುವ ಹೆಂಗಸಿನ ಮಾತು ಬಂದರೆ ನಮ್ಮ ಕಡೆ ಸಿಗುವುದು ಎರಡೇ ಉತ್ತರ. ಕೋಲಾರದಲ್ಲಿ ಕೇಳಿ, ಮಾಲೂರಲ್ಲಿ ಕೇಳಿ, ಮುಳಬಾಗಿಲು, ಶ್ರೀನಿವಾಸಪುರದಲ್ಲಿ ಕೇಳಿ. ಮೊದಲನೆಯದು: “ಅದೆಲ್ಲ ಬೆಂಗಳೂರಿನವರ ಕಾಯಿಲೆ, ಫಾರಿನ್ನಿಂದ ಬಂದಿದ್ದು. ನಮ್ಮ ಹಳ್ಳಿಗಳಲ್ಲಿ ಅಂಥವರು ಇಲ್ಲ.” ಎರಡನೆಯದು, ಸ್ವಲ್ಪ ದನಿ ತಗ್ಗಿಸಿ: “ಒಂದು ಮದುವೆ ಮಾಡಿಬಿಡಿ, ಎಲ್ಲ ಸರಿಹೋಗುತ್ತೆ.”

ಈ ಎರಡೂ ಮಾತನ್ನು ಒಬ್ಬರೇ ಹೇಳುತ್ತಾರೆ. ಊರಲ್ಲಿ ಇಲ್ಲವೇ ಇಲ್ಲ ಅಂದಮೇಲೆ ಮದುವೆ ಮಾಡುವುದು ಯಾರಿಗೆ ಸ್ವಾಮಿ?

ಇದ್ದಾರೆ ಅಂತ ಎಲ್ಲರಿಗೂ ಗೊತ್ತು. ಅದಕ್ಕೇ ಎರಡನೇ ಉತ್ತರ ಹುಟ್ಟಿರುವುದು. ನಾನು ಜಗಳ ಆಡಬೇಕಾಗಿರುವುದು ಆ ಎರಡನೇ ಉತ್ತರದ ಜೊತೆ. ಜಗಳಕ್ಕೆ ಸಾಕ್ಷಿಯಾಗಿ ಒಂದು ಕನ್ನಡ ಪುಸ್ತಕ ಇಟ್ಟುಕೊಂಡಿದ್ದೇನೆ, ಸಮುದ್ರದಾಚೆಯ ಎರಡು ಪುಸ್ತಕಗಳನ್ನೂ ಕರೆಯುತ್ತೇನೆ.

ಕನ್ನಡ ಪುಸ್ತಕದ ಹೆಸರು ‘ಮೋಹನಸ್ವಾಮಿ’. ಬರೆದವರು ವಸುಧೇಂದ್ರ, ಬಂದ ವರ್ಷ 2013. ವಸುಧೇಂದ್ರ ಫಾರಿನ್ನಿನವರಲ್ಲ, ಬಳ್ಳಾರಿ ಜಿಲ್ಲೆಯ ಸಂಡೂರಿನವರು. ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಓದಿ, ಸಾಫ್ಟ್‌ವೇರ್ ಕೆಲಸ ಮಾಡಿ, ಛಂದ ಪುಸ್ತಕ ಅನ್ನುವ ಪ್ರಕಾಶನ ಕಟ್ಟಿ ಎಷ್ಟೋ ಹೊಸ ಕತೆಗಾರರ ಪುಸ್ತಕ ತಂದವರು. ಅವರ ‘ನಮ್ಮಮ್ಮ ಅಂದ್ರೆ ನಂಗಿಷ್ಟ’ ಓದಿ ಕಣ್ಣು ಒರೆಸಿಕೊಂಡವರು ನಿಮ್ಮಲ್ಲೂ ಇರಬಹುದು. ಅದೇ ಕೈ ‘ಮೋಹನಸ್ವಾಮಿ’ಯನ್ನೂ ಬರೆಯಿತು. ಮೋಹನಸ್ವಾಮಿಯ ಕತೆಯನ್ನು ಮೊದಲ ಸಲ ಪತ್ರಿಕೆಗೆ ಕೊಟ್ಟಾಗ ಅವರು ತಮ್ಮ ಹೆಸರು ಹಾಕಲಿಲ್ಲ, ಬೇರೆ ಹೆಸರಿನಲ್ಲಿ ಕೊಟ್ಟರು. ಆಗಲೇ ಹೆಸರಾಗಿದ್ದ ಲೇಖಕ, ಕೈಯಲ್ಲಿ ಕೆಲಸ, ದುಡ್ಡು, ಸ್ವಂತ ಪ್ರಕಾಶನ ಎಲ್ಲ ಇದ್ದವರು. ಅವರಿಗೇ ಅಷ್ಟು ಭಯ. ಹಾಗಾದರೆ ಅವಣಿ ಪಕ್ಕದ ಯಾವುದೋ ಹಳ್ಳಿಯಲ್ಲಿ ಹತ್ತನೇ ಕ್ಲಾಸಿಗೆ ಓದು ಬಿಟ್ಟು ಟೊಮೆಟೊ ತೋಟಕ್ಕೆ ಕೂಲಿ ಹೋಗುವ ಹುಡುಗನಿಗೆ ಎಷ್ಟಿರಬೇಕು, ಲೆಕ್ಕ ಹಾಕಿ.

ಪುಸ್ತಕ ಮಾಡುವಾಗ ತಮ್ಮದೇ ಹೆಸರು ಹಾಕಿದರು. ತಾನೂ ಸಲಿಂಗಪ್ರೇಮಿ ಅಂತ ಎಲ್ಲರೆದುರು ಹೇಳಿಕೊಂಡರು. ಕನ್ನಡದಲ್ಲಿ ಹಾಗೆ ಹೇಳಿಕೊಂಡು, ಅದನ್ನೇ ಕತೆ ಮಾಡಿ ಮನೆಮನೆಗೆ ತಲುಪಿಸಿದ ಇನ್ನೊಬ್ಬ ಕತೆಗಾರ ನನಗೆ ನೆನಪಾಗುವುದಿಲ್ಲ. 2016ರಲ್ಲಿ ರಶ್ಮಿ ತೇರದಾಳ ಅದನ್ನು ಇಂಗ್ಲಿಷಿಗೆ ತಂದರು.

(ಒಂದು ಪದದ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಪೇಪರುಗಳಲ್ಲಿ ‘ಸಲಿಂಗಕಾಮಿ’ ಅಂತ ಬರೆಯುತ್ತಾರೆ. ಗಂಡ ಹೆಂಡತಿ ಸಂತೆಗೆ ಹೋದರೆ ‘ವಿಲಿಂಗಕಾಮಿಗಳು ಸಂತೆಗೆ ಹೋದರು’ ಅಂತ ಬರೆಯುತ್ತಾರಾ? ಇವರ ಹೆಸರಿಗೆ ಮಾತ್ರ ಯಾಕೆ ಕಾಮ ಅಂಟಿಸುವುದು? ಇವರಿಗೂ ಜೊತೆಗೆ ಕೂತು ಉಣ್ಣುವ, ಜ್ವರ ಬಂದರೆ ತಲೆ ಒತ್ತುವ ಆಸೆ ಇರುತ್ತೆ. ನಾನು ಸಲಿಂಗಪ್ರೇಮಿ ಅಂತಲೇ ಬರೆಯುತ್ತೇನೆ.)

ಪುಸ್ತಕದ ಮೋಹನಸ್ವಾಮಿ ಚಿಕ್ಕವನಿದ್ದಾಗಿನಿಂದ ನಡಿಗೆಗೆ, ದನಿಗೆ ಅಣಕ ಕೇಳಿ ಬೆಳೆದವನು. ದೊಡ್ಡವನಾಗಿ ಬೆಂಗಳೂರು ಸೇರಿ, ಕಾರ್ತಿಕ್ ಅನ್ನುವವನ ಜೊತೆ ಒಂದೇ ಮನೆಯಲ್ಲಿ ಬಾಳುತ್ತಾನೆ. ಅಡುಗೆ ಮಾಡಿ ಬಡಿಸಿ, ಅವನನ್ನೇ ನೆಚ್ಚಿಕೊಂಡಿರುತ್ತಾನೆ. ಆಮೇಲೆ ಏನಾಗುತ್ತೆ? ಕಾರ್ತಿಕ್ ಒಂದು ಹುಡುಗಿಯನ್ನು ಮದುವೆಯಾಗುತ್ತಾನೆ. ಯಾರೂ ಕಲ್ಲು ಹೊಡೆಯುವುದಿಲ್ಲ, ಪೊಲೀಸರು ಬರುವುದಿಲ್ಲ. ಮೋಹನಸ್ವಾಮಿಯ ಬಾಳು ಮುರಿಯುವುದಕ್ಕೆ ಒಂದು ಲಗ್ನಪತ್ರಿಕೆ ಸಾಕಾಗುತ್ತೆ.

ಈಗ ಸಮುದ್ರ ದಾಟೋಣ, ಆಫ್ರಿಕಾದ ಪಶ್ಚಿಮದಲ್ಲಿರುವ ನೈಜೀರಿಯಾಕ್ಕೆ. ಅಲ್ಲಿಗೆ ಯಾಕೆ ಅಂದರೆ ನಮಗೂ ಅವರಿಗೂ ಒಬ್ಬನೇ ದೊರೆ ಇದ್ದ, ಅವನು ಬಿಟ್ಟುಹೋದ ಕಾನೂನೂ ಒಂದೇ ಜಾತಿಯದು. ನಮ್ಮ ದಂಡ ಸಂಹಿತೆಯ 377ನೇ ಕಲಂ 1860ರಲ್ಲಿ ಬ್ರಿಟಿಷರು ಬರೆದದ್ದು. ‘ಪ್ರಕೃತಿಗೆ ವಿರುದ್ಧ’ ಅನ್ನುವ ಆ ಮಾತು ಅವರ ಚರ್ಚಿನಿಂದ, ಅವರ ಕೋರ್ಟಿನಿಂದ ಬಂತು. ನೈಜೀರಿಯಾ, ಘಾನಾ, ಗ್ಯಾಂಬಿಯಾ, ಸಿಯೆರಾ ಲಿಯೋನ್, ಎಲ್ಲ ಕಡೆ ಬ್ರಿಟಿಷರು ಇಂಥ ಕಾನೂನು ಬಿತ್ತಿಹೋದರು. ಇವತ್ತು ಅಲ್ಲಿನ ರಾಜಕಾರಣಿಗಳೂ ಏನು ಹೇಳುತ್ತಾರೆ ಗೊತ್ತಾ? ಸಲಿಂಗಪ್ರೇಮ ನಮ್ಮ ಸಂಸ್ಕೃತಿ ಅಲ್ಲ, ಬಿಳಿಯರು ತಂದದ್ದು ಅಂತ. ಬಿಳಿಯರು ತಂದದ್ದು ಕಾನೂನು. ಪ್ರೀತಿ ಮೊದಲಿಂದಲೂ ಇತ್ತು. ನಮ್ಮಲ್ಲೂ ಇದೇ ತಲೆಕೆಳಗು ಮಾತು ಓಡಾಡುತ್ತಿದೆ.

2013ರ ಡಿಸೆಂಬರ್ 11ರಂದು ನಮ್ಮ ಸುಪ್ರೀಂ ಕೋರ್ಟು 377ನ್ನು ಮತ್ತೆ ಎತ್ತಿ ಹಿಡಿಯಿತು. 2009ರಲ್ಲಿ ದೆಹಲಿ ಹೈಕೋರ್ಟು ಕೊಟ್ಟಿದ್ದ ಬಿಡುಗಡೆ ಹೋಯಿತು. ‘ಮೋಹನಸ್ವಾಮಿ’ ಅಚ್ಚಾದ ವರ್ಷವೇ ಅದು! ಒಂದು ತಿಂಗಳೂ ಕಳೆದಿರಲಿಲ್ಲ, 2014ರ ಜನವರಿಯಲ್ಲಿ ನೈಜೀರಿಯಾದ ಅಧ್ಯಕ್ಷ ಗುಡ್‌ಲಕ್ ಜೊನಾಥನ್ ಇನ್ನೂ ಕಠಿಣ ಕಾನೂನಿಗೆ ಸಹಿ ಹಾಕಿದರು. ಇಬ್ಬರು ಗಂಡಸರೋ ಇಬ್ಬರು ಹೆಂಗಸರೋ ಮದುವೆಯಾದರೆ 14 ವರ್ಷ ಜೈಲು.

ಆ ದೇಶದಲ್ಲಿ ಕತೆಗಾರರು ಬಾಯಿ ಮುಚ್ಚಿ ಕೂರಲಿಲ್ಲ. ಮುಂದಿನ ವರ್ಷವೇ, 2015ರಲ್ಲಿ, ಚಿನೆಲೊ ಒಕ್ಪರಾಂಟ ಅವರ ‘ಅಂಡರ್ ದ ಉಡಾಲ ಟ್ರೀಸ್’ ಕಾದಂಬರಿ ಬಂತು. ಯುದ್ಧದ ಕಾಲ. ಇಜೆವೊಮಾ ಅನ್ನುವ ಇಗ್ಬೋ ಹುಡುಗಿಗೆ ಅಮೀನಾ ಅನ್ನುವ ಹೌಸಾ ಹುಡುಗಿ ಮೇಲೆ ಪ್ರೀತಿ. ವಿಷಯ ತಿಳಿದ ತಾಯಿ ಮಗಳನ್ನು ಹೊಡೆದು ಹೊರಗೆ ಹಾಕುವುದಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ದಿನಾ ಬೈಬಲ್ ಓದಿಸುತ್ತಾಳೆ. ಮಗಳನ್ನು ಸರಿಮಾಡುತ್ತಿದ್ದೇನೆ ಅಂತಲೇ ಅವಳ ನಂಬಿಕೆ. ಕೊನೆಗೆ ಒಬ್ಬ ಗಂಡಿನ ಜೊತೆ ಮದುವೆ ಆಗುತ್ತೆ. ಆ ಮದುವೆಯಲ್ಲಿ ಇಜೆವೊಮಾ ಬೇಯುತ್ತಾಳೆ, ಗಂಡನೂ ಬೇಯುತ್ತಾನೆ. ಆ ತಾಯಿಯನ್ನು ನಾನು ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಕೈಯಲ್ಲಿ ಬೈಬಲ್ ಬದಲು ಜಾತಕ, ತಾಯತ, ಕೋಲಾರಮ್ಮನ ಹರಕೆ, ಅಷ್ಟೇ ವ್ಯತ್ಯಾಸ.

ಅದಕ್ಕೂ ಹತ್ತು ವರ್ಷ ಮೊದಲು, 2005ರಲ್ಲಿ, ಜೂಡ್ ಡಿಬಿಯಾ ‘ವಾಕಿಂಗ್ ವಿತ್ ಶ್ಯಾಡೋಸ್’ ಬರೆದಿದ್ದರು. ಸಲಿಂಗಪ್ರೇಮಿ ಗಂಡಸನ್ನೇ ನಡುವೆ ಇಟ್ಟು ಬರೆದ ನೈಜೀರಿಯಾದ ಮೊದಲ ಕಾದಂಬರಿ ಅಂತ ಅದನ್ನು ಕರೆಯುತ್ತಾರೆ. ಅದರ ನಾಯಕನಿಗೆ ಹೆಂಡತಿ ಇದ್ದಾಳೆ, ಪುಟ್ಟ ಮಗಳಿದ್ದಾಳೆ, ಒಳ್ಳೆ ಕೆಲಸ ಇದೆ. ಒಂದು ದಿನ ಅವನ ಗುಟ್ಟು ಬಯಲಾಗುತ್ತೆ. ಮನೆ ಕುಸಿಯುತ್ತೆ.

ಮೂರು ಪುಸ್ತಕ. ಬರೆದವರು ಒಬ್ಬರನ್ನೊಬ್ಬರು ನೋಡಿ ಬರೆದವರಲ್ಲ. ಆದರೂ ಮೂರರಲ್ಲೂ ಗಾಯ ಆಗುವುದು ಒಂದೇ ಜಾಗದಲ್ಲಿ, ಚಪ್ಪರದ ಕೆಳಗೆ.

“ನಾವೇನು ಅಂಥವರನ್ನು ಹೊಡೀತೀವಾ, ಬಡೀತೀವಾ?” ಅಂತ ಕೇಳುವ ಅಣ್ಣಂದಿರು ಇದನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಹೌದು, ಹೊಡೆಯುವುದು ಕಡಿಮೆಯೇ ಇರಬಹುದು. ನಾವು ಮಾಡುವುದು ಬೇರೆ. ಹುಡುಗನಿಗೆ ಇಪ್ಪತ್ತೇಳು, ಇಪ್ಪತ್ತೆಂಟು ಆಗುತ್ತೆ. ಮದುವೆ ಬೇಡ ಅನ್ನುತ್ತಾನೆ. ಯಾಕೆ ಅಂತ ಹೇಳುವುದಕ್ಕೆ ಬಾಯಿ ಇಲ್ಲ. ಯಾರೋ ಒಬ್ಬರಿಗೆ, ಅಕ್ಕನಿಗೋ ಅಮ್ಮನಿಗೋ, ಅರ್ಧಂಬರ್ಧ ಹೇಳಿರುತ್ತಾನೆ. ಅವರು ಅತ್ತು, ಬಾಯಿ ಮುಚ್ಚಿಸಿ, ದೇವರಿಗೆ ಮುಡಿಪು ಕಟ್ಟಿರುತ್ತಾರೆ. ಗುರುಬಲ ಬಂದಿದೆ ಅಂತ ಶಾಸ್ತ್ರದವರು ಹೇಳುತ್ತಾರೆ. ದೊಡ್ಡಪ್ಪ ಎರಡು ಕಡೆ ಹೆಣ್ಣು ನೋಡಿ ಬರುತ್ತಾರೆ. ಮಾವಿನ ಫಸಲಿನ ದುಡ್ಡು ಕೈಗೆ ಬಂದ ಮೇಲೆ ಛತ್ರ ಬುಕ್ ಆಗುತ್ತೆ. ಹುಡುಗಿ ಕಡೆಯವರು ಸಾಲ ಮಾಡಿ ಒಡವೆ ಹಾಕುತ್ತಾರೆ. ಬಂದವರೆಲ್ಲ ಉಂಡು, ಆಶೀರ್ವಾದ ಮಾಡಿ, ಕವರ್ ಕೊಟ್ಟು ಹೋಗುತ್ತಾರೆ.

ಆಮೇಲೆ ಆ ಹುಡುಗಿಯ ಕತೆ ಯಾರು ಕೇಳಿದ್ದೀರಿ?

ಗಂಡ ಕೆಟ್ಟವನಲ್ಲ. ಕುಡಿಯಲ್ಲ, ಹೊಡೆಯಲ್ಲ. ಹತ್ತಿರ ಬರಲ್ಲ. ತನ್ನಲ್ಲೇ ಏನೋ ಕೊರತೆ ಅಂತ ಅವಳು ಕನ್ನಡಿ ಮುಂದೆ ನಿಲ್ಲುತ್ತಾಳೆ. ವರ್ಷ ಕಳೆದರೆ ‘ಏನೂ ವಿಶೇಷ ಇಲ್ವಾ’ ಅನ್ನುವವರು ಶುರುವಾಗುತ್ತಾರೆ. ಎರಡನೇ ವರ್ಷಕ್ಕೆ ಲೇಡಿ ಡಾಕ್ಟರ ಹತ್ತಿರ ಪರೀಕ್ಷೆ, ಅದೂ ಅವಳೊಬ್ಬಳಿಗೇ. ಮೂರನೇ ವರ್ಷಕ್ಕೆ ‘ಬಂಜೆ’ ಅನ್ನುವ ಮಾತು ಡೈರಿ ಮುಂದೆ ಹಾಲು ಹಾಕುವ ಕ್ಯೂನಲ್ಲಿ ಅವಳ ಕಿವಿಗೆ ಬೀಳುತ್ತೆ. ಮಗು ಆದರೂ ಕತೆ ಮುಗಿಯಲಿಲ್ಲ. ಇಬ್ಬರೂ ಒಂದೇ ಗೋಡೆಯೊಳಗೆ ನಲವತ್ತು ವರ್ಷ ಬಾಡಿಗೆಯವರ ಹಾಗೆ ಬಾಳಬೇಕು. ತವರಿಗೆ ಹೋಗಿ ಏನಂತ ಹೇಳುತ್ತಾಳೆ? ನನ್ನ ಗಂಡ ಒಳ್ಳೆಯವನು, ಆದರೂ ನನಗೆ ಬೇಡ ಅಂದರೆ ಯಾವ ನ್ಯಾಯ ಪಂಚಾಯ್ತಿ ಕೇಳುತ್ತೆ?

ಆ ಹುಡುಗಿಗೆ ಮೋಸ ಮಾಡಿದ್ದು ಹುಡುಗ ಒಬ್ಬನೇ ಅಲ್ಲ. ಗೊತ್ತಿದ್ದೂ ಚಪ್ಪರ ಹಾಕಿದ ಮನೆಯವರು. ಗೊತ್ತಿದ್ದೂ ‘ಸರಿಹೋಗ್ತಾನೆ’ ಅಂದ ನೆಂಟರು. ಮೋಹನಸ್ವಾಮಿಯನ್ನು ಬಿಟ್ಟು ಮದುವೆಯಾದ ಕಾರ್ತಿಕ್ ಮೇಲೆ ಓದುವಾಗ ನನಗೆ ಸಿಟ್ಟು ಬಂದಿತ್ತು. ಆದರೆ ಮದುವೆ ಆಗದ ಗಂಡಸಿಗೆ ನಾವು ಬಾಡಿಗೆ ಮನೆ ಕೊಡುವುದಿಲ್ಲ, ಗೃಹಪ್ರವೇಶಕ್ಕೆ ಕರೆಯುವುದಿಲ್ಲ, ಆಸ್ತಿ ಭಾಗದ ಮಾತಲ್ಲಿ ಲೆಕ್ಕಕ್ಕೆ ಇಡುವುದಿಲ್ಲ. ಎಲ್ಲ ಬಾಗಿಲೂ ಮುಚ್ಚಿ, ಒಂದು ಕಿಟಕಿ ತೆರೆದಿಟ್ಟು, ಅದರಲ್ಲೇ ಯಾಕೆ ನುಗ್ಗಿದೆ ಅಂತ ಕೇಳುವುದು ಯಾವ ನ್ಯಾಯ?

ಸರಿಹೋಗುವುದರ ಬಗ್ಗೆ ಡಾಕ್ಟರುಗಳು ಏನು ಹೇಳುತ್ತಾರೆ ಅಂತಲೂ ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದುಹಾಕಿತು. 2022ರಲ್ಲಿ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ, ‘ಬದಲಾಯಿಸಿಕೊಡ್ತೀವಿ’ ಅಂತ ಚಿಕಿತ್ಸೆ ಕೊಡುವುದು ವೈದ್ಯರ ದುರ್ನಡತೆ ಅಂತ ರಾಜ್ಯಗಳ ವೈದ್ಯಕೀಯ ಮಂಡಳಿಗಳಿಗೆ ತಿಳಿಸಿತು. ಡಾಕ್ಟರೇ ಮಾಡಬಾರದು ಅನ್ನುವ ಚಿಕಿತ್ಸೆಯನ್ನು ನಾವು ಒಬ್ಬ ಹುಡುಗಿಯನ್ನು ಔಷಧಿ ಮಾಡಿ ಮಾಡುತ್ತಿದ್ದೇವೆ.

ಕಾನೂನು? 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು, ಒಪ್ಪಿ ಕೂಡಿದ ವಯಸ್ಕರ ಸಂಬಂಧ ಅಪರಾಧ ಅಲ್ಲ ಅಂದರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 377ರಂಥ ಕಲಂ ಇಲ್ಲ. ಇಬ್ಬರು ಗಂಡಸರ ಅಥವಾ ಇಬ್ಬರು ಹೆಂಗಸರ ಮದುವೆಗೆ ಮಾತ್ರ ಕಾನೂನಿನ ಒಪ್ಪಿಗೆ ಇಲ್ಲ. 2023ರ ಅಕ್ಟೋಬರ್ 17ರ ತೀರ್ಪು ಅದನ್ನು ಸಂಸತ್ತಿಗೆ ಬಿಟ್ಟಿತು. ಅಂದರೆ ಇವತ್ತು ಅವನು ಪ್ರೀತಿಸಿದವನ ಜೊತೆ ಮದುವೆ ಆಗುವ ಹಾಗಿಲ್ಲ, ಪ್ರೀತಿಸದ ಹುಡುಗಿ ಜೊತೆ ಮದುವೆ ಆಗದೆ ಇರುವ ಹಾಗೂ ಇಲ್ಲ.

ಇನ್ನು ‘ನಮ್ಮ ಸಂಸ್ಕೃತಿ’. ಇದನ್ನು ಬೇರೆ ಊರಿನವರು ಹೇಳಿದರೆ ಸುಮ್ಮನಿರಬಹುದು, ನಮ್ಮ ಕಡೆಯವರು ಹೇಳಿದರೆ ನಗು ಬರುತ್ತೆ. ಕೋಲಾರದಲ್ಲಿ, ಮಾಲೂರಲ್ಲಿ ದ್ರೌಪದಮ್ಮನ ಕರಗ ಹೊರಡುವ ರಾತ್ರಿ ಯಾರೂ ನಿದ್ದೆ ಮಾಡುವುದಿಲ್ಲ. ಸೀರೆ ಉಟ್ಟು, ಬಳೆ ತೊಟ್ಟು, ಮಲ್ಲಿಗೆ ಮುಡಿದು ಬರುವ ಗಂಡಸಿಗೆ ಊರೇ ಕೈ ಮುಗಿಯುತ್ತೆ. ತಪ್ಪು ತಿಳಿಯಬೇಡಿ, ಕರಗ ಹೊರುವವರು ಸಲಿಂಗಪ್ರೇಮಿಗಳು ಅಂತ ನಾನು ಹೇಳುತ್ತಿಲ್ಲ. ಅದು ಅವರ ಕುಲದ ವ್ರತ, ಭಕ್ತಿ. ಹೆಣ್ಣಿನ ವೇಷದ ಗಂಡನ್ನು ನೋಡಿದರೆ ನಮ್ಮ ಕಣ್ಣು ಉರಿಯುವುದಿಲ್ಲ ಅಂತಷ್ಟೇ ಹೇಳುತ್ತಿದ್ದೇನೆ. ಊರ ನಾಟಕದಲ್ಲಿ ಬೃಹನ್ನಳೆ ಬಂದರೆ ಸೀಟಿ ಹೊಡೆಯುತ್ತೇವೆ. ಮೋಹಿನಿಯಾದ ವಿಷ್ಣುವಿನ ಕತೆ ಕೇಳಿ ತಲೆದೂಗುತ್ತೇವೆ. ಬೆಳಿಗ್ಗೆ ಎದ್ದು ಸ್ಕೂಲಿಗೆ ಹೋಗುವ ಹುಡುಗ ಸ್ವಲ್ಪ ಸೊಂಟ ಬಳುಕಿಸಿ ನಡೆದರೆ ‘ಒಂಬತ್ತು’, ‘ಚಕ್ಕಾ’, ತೆಲುಗು ಮನೆಮಾತಾದರೆ ‘ಕೊಜ್ಜಾ’. ಎರಡು ಭಾಷೆ ಬರುವ ನಾಡು ನಮ್ಮದು, ಬೈಗುಳವೂ ಎರಡೆರಡು! ಆ ಹುಡುಗ ಪಿಟಿ ಪೀರಿಯಡ್ಡಿಗೆ ಹೆದರಿ, ಆಮೇಲೆ ಸ್ಕೂಲಿಗೇ ಹೆದರಿ, ಕೊನೆಗೆ ಬಿಟ್ಟುಬಿಡುತ್ತಾನೆ. ಮೇಷ್ಟ್ರ ರಿಜಿಸ್ಟರಿನಲ್ಲಿ ‘ಕುಟುಂಬದ ಸಮಸ್ಯೆ’ ಅಂತ ಬರೆದಿರುತ್ತಾರೆ.

ಇಲ್ಲಿ ಎರಡು ವಿಷಯ ಬೆರೆಸಬಾರದು. ಗಂಡಾಗಿ ಹುಟ್ಟಿ ಮನಸ್ಸಿನಲ್ಲಿ ಹೆಣ್ಣಾಗಿರುವವರು ಬೇರೆ. ಗಂಡಾಗಿಯೇ ಇದ್ದು ಗಂಡನ್ನು ಪ್ರೀತಿಸುವವರು ಬೇರೆ. ಮೊದಲನೆಯವರ ಮಾತು ಕನ್ನಡದಲ್ಲಿ ಸ್ವಲ್ಪ ಕೇಳಿದೆ. ಮನೆಯವರು ದೂರ ಮಾಡಿದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿ ಅಧ್ಯಕ್ಷೆಯಾದರು, 2021ರಲ್ಲಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ತಗೊಂಡರು. ‘ನಾನು ಅವನಲ್ಲ ಅವಳು’ ಸಿನಿಮಾಕ್ಕೆ ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಹೆದ್ದಾರಿಯಲ್ಲಿ ಕಾರಿನ ಗಾಜು ಏರಿಸುವ ನಮ್ಮ ಕೈ ಅದರಿಂದ ಎಷ್ಟು ಬದಲಾಯಿತೋ ಬೇರೆ ಮಾತು. ಎರಡನೆಯವರ ವಿಷಯಕ್ಕೆ ಬಂದರೆ, ಕಾಮಿಡಿ ಸೀನಿನಲ್ಲಿ ಹೀರೋನ ಮೈಮೇಲೆ ಬಿದ್ದು ಕಪಾಳಕ್ಕೆ ಹೊಡೆಸಿಕೊಳ್ಳುವ ಪಾತ್ರ ಬಿಟ್ಟರೆ ನಾವು ನೋಡಿರುವುದು ತೀರಾ ಕಡಿಮೆ. ‘ಮೋಹನಸ್ವಾಮಿ’ ಬೇಕಾಗಿದ್ದು ಅದಕ್ಕೇ. ಆ ಪುಸ್ತಕ ಬಂದಮೇಲೆ ವಸುಧೇಂದ್ರ ಅವರನ್ನು ಹುಡುಕಿಕೊಂಡು ಎಲ್ಲೆಲ್ಲಿಂದಲೋ ಫೋನು, ಪತ್ರ ಬಂದವು. ಅಷ್ಟು ಜನ ಒಂದು ಪುಸ್ತಕಕ್ಕೆ ಕಾಯುತ್ತಿದ್ದರು ಅಂತಾಯಿತು.

ಪುಸ್ತಕವನ್ನು ಹೊಗಳಿದ್ದು ಸಾಕು, ಒಂದು ತಕರಾರೂ ಇದೆ. ಮೋಹನಸ್ವಾಮಿಗೆ ಡಿಗ್ರಿ ಇದೆ, ಸಂಬಳ ಇದೆ, ಬೆಂಗಳೂರಲ್ಲಿ ಬೀಗ ಹಾಕಿಕೊಳ್ಳಲು ಸ್ವಂತ ಬಾಗಿಲು ಇದೆ. ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುವವನಿಗೆ ಏನಿದೆ? ಒಂದೇ ರೂಮಿನಲ್ಲಿ ಆರು ಜನ ಮಲಗುವ ಮನೆ. ಅವನ ಕತೆ ಇನ್ನೂ ಬರೆದಾಗಿಲ್ಲ. ಹೆಣ್ಣುಮಕ್ಕಳದ್ದಂತೂ ಕೇಳಲೇಬೇಡಿ. ಹುಡುಗನಾದರೆ ಬೆಳಗಿನ ರೈಲು ಹತ್ತಿ ಬೆಂಗಳೂರಲ್ಲಿ ಮಾಯ ಆಗಬಹುದು. ನರಸಾಪುರದ ಫ್ಯಾಕ್ಟರಿ ಬಸ್ಸಿನಲ್ಲಿ ಪಕ್ಕ ಪಕ್ಕ ಕೂತು, ಒಂದೇ ಇಯರ್‌ಫೋನು ಹಂಚಿಕೊಂಡು ಹಾಡು ಕೇಳುವ ಇಬ್ಬರು ಹುಡುಗಿಯರು ಎಲ್ಲಿ ಮಾಯ ಆಗುತ್ತಾರೆ? ಇಪ್ಪತ್ತೆರಡಕ್ಕೆ ಇಬ್ಬರಿಗೂ ಎರಡು ಬೇರೆ ಬೇರೆ ಊರಿಗೆ ಮದುವೆ. ಕೊನೇ ದಿನ ಬಸ್ಸಿನಲ್ಲಿ ಒಬ್ಬಳು ಅಳುತ್ತಿದ್ದರೆ ‘ಫ್ರೆಂಡು ಹೋಗ್ತಿದ್ದಾಳೆ ಅಂತ ಬೇಜಾರು’ ಅಂದುಕೊಂಡು ಸುಮ್ಮನಾಗುತ್ತೇವೆ. ನೈಜೀರಿಯಾದ ಒಕ್ಪರಾಂಟ ಇಜೆವೊಮಾಳನ್ನು ಬರೆದರು. ನಮ್ಮ ಇಜೆವೊಮಾಳನ್ನು ಯಾರು ಬರೆಯುತ್ತೀರಿ?

ಇದನ್ನು ಕೇಳುವುದಕ್ಕೆ ನಮ್ಮ ಜಿಲ್ಲೆಗೆ ಹಕ್ಕಿದೆ. ಕನ್ನಡ ಸಣ್ಣಕತೆಯ ತಂದೆ ಅಂತ ಕರೆಸಿಕೊಂಡ ಮಾಸ್ತಿ ಮಾಲೂರು ತಾಲ್ಲೂಕಿನವರು. ಡಿವಿಜಿ ಮುಳಬಾಗಿಲಿನವರು. ಅವರಿಗಿಂತ ಹತ್ತಿರದ ಮಾತು ಹೇಳಬೇಕಂದರೆ, ದಲಿತರ ನೋವನ್ನು ಹಾಡು ಮಾಡಿ, ನಾಟಕ ಮಾಡಿ ಕರ್ನಾಟಕಕ್ಕೆ ಕೇಳಿಸಿದವರಲ್ಲಿ ಕೋಲಾರದವರು ಮುಂದೆ ಇದ್ದರು. ಕೋಟಿಗಾನಹಳ್ಳಿ ರಾಮಯ್ಯನವರಂಥವರು ಕಟ್ಟಿದ ಆದಿಮದಲ್ಲಿ, ತೇರಹಳ್ಳಿ ಬೆಟ್ಟದ ಮೇಲೆ, ಹುಣ್ಣಿಮೆ ಹಾಡು ಕೇಳಿಕೊಂಡು ಬೆಳೆದ ಪೀಳಿಗೆಯೇ ಇದೆ. ಆಗಲೂ ದೊಡ್ಡವರು ಕೇಳಿದ್ದರು, ಇಂಥದ್ದನ್ನೆಲ್ಲ ಸಾಹಿತ್ಯ ಅಂತಾರಾ, ಮನೆಯ ಕೊಳೆ ಬೀದಿಗೆ ಯಾಕೆ ಅಂತ. ಆ ಪ್ರಶ್ನೆಗೆ ಉತ್ತರ ಕೊಟ್ಟು ಗೆದ್ದವರ ಊರು ಇದು. ಅದೇ ಪ್ರಶ್ನೆಯನ್ನು ಇವತ್ತು ನಾವೇ ಇನ್ನೊಬ್ಬರಿಗೆ ಕೇಳುತ್ತಿದ್ದೇವೆ. ಜಾತಿ ಬಿಟ್ಟು ಮದುವೆಯಾದರೆ ಕತ್ತಿ ಹಿಡಿಯುವ ಮನೆಯೂ, ‘ಮದುವೆ ಮಾಡಿದ್ರೆ ಸರಿಹೋಗ್ತಾನೆ’ ಅನ್ನುವ ಮನೆಯೂ ಒಂದೇ. ಎರಡು ಕಡೆಯೂ ಮಗ ಮಗಳ ಮೈ ಯಾರಿಗೆ ಸೇರಬೇಕು ಅಂತ ಮನೆತನವೇ ತೀರ್ಮಾನ ಮಾಡುತ್ತೆ.

ನಮ್ಮ ಗ್ರಾಮ ಪಂಚಾಯ್ತಿ ಲೈಬ್ರರಿಗೆ ಈಗ ಅರಿವು ಕೇಂದ್ರ ಅಂತ ಹೆಸರು. ಹೋಗಿ ಕೇಳಿ, ‘ಮೋಹನಸ್ವಾಮಿ’ ಇದೆಯಾ ಅಂತ. ಬಹುಶಃ ಇರಲ್ಲ. ಸ್ಪರ್ಧಾತ್ಮಕ ಪರೀಕ್ಷೆಯ ಗೈಡು ಇರುತ್ತೆ, ಒಂದಷ್ಟು ಕಾದಂಬರಿ ಇರುತ್ತೆ. ತರಿಸಿಕೊಡಿ ಅಂತ ಒಂದು ಚೀಟಿ ಬರೆದು, ಸಹಿ ಹಾಕಿ, ಲೈಬ್ರರಿಯನ್ನರ ಕೈಗೆ ಕೊಡಿ. ‘ಮಕ್ಕಳು ಬರುವ ಜಾಗ, ಇಂಥದ್ದು ಬೇಡ’ ಅಂದರೆ, ಮಕ್ಕಳ ಕೈಗೆ ಕೊಡಬೇಡಿ, ಅಪ್ಪ ಅಮ್ಮಂದಿರು ಓದಲಿ ಅಂತ ಹೇಳಿ. ಹೆಣ್ಣು ನೋಡಲು ಓಡಾಡುವ ದೊಡ್ಡಪ್ಪಂದಿರು ಓದಲಿ. ಮಾವು ಮುಗಿದು ಲಗ್ನಗಳು ಶುರುವಾಗುವುದಕ್ಕೆ ಮೊದಲೇ ಓದಿದರೆ ಒಳ್ಳೆಯದು.